ಹಸಿರು ದೀಪ ಬಂತು, ಲೈನ್ ಸರಿಯಾಗಲಿಲ್ಲ: ಉಡುಪಿಯಲ್ಲಿ ನನ್ನ ಅನುಭವ

2022ರ ಜೂನ್. ಉಡುಪಿಯಲ್ಲಿ ಮಳೆ ಹಿಡಿದಿತ್ತು. ಫೈಬರ್ ಇಂಟರ್ನೆಟ್ ಕೊಡುವ ಒಂದು ಕಂಪನಿ ನನ್ನನ್ನು ಕನ್ಸಲ್ಟೆಂಟ್ ಆಗಿ ಕರೆದಿತ್ತು. ಹೆಡ್ ಆಫೀಸ್ ಮಂಗಳೂರಿನಲ್ಲಿ, ಕೆಲಸ ಉಡುಪಿ ಬ್ರಾಂಚಿನಲ್ಲಿ. ಅವರು ಹೇಳಿದ್ದು ಇಷ್ಟೇ: "ದೂರು ಬಂದರೆ ನಾವು ಬೇಗ ಸರಿ ಮಾಡುತ್ತೇವೆ. ಆದರೂ ಜನ ಕನೆಕ್ಷನ್ ಬಿಡುತ್ತಿದ್ದಾರೆ. ಯಾಕೆ ಅಂತ ನೋಡಿ."

ರಿಪೋರ್ಟ್ ನೋಡಿದೆ, ಚೆನ್ನಾಗಿಯೇ ಇತ್ತು. ಒಂದು ದೂರು ಬಗೆಹರಿಯಲು ಸರಾಸರಿ ಒಂದು ದಿನವೂ ಬೇಕಿರಲಿಲ್ಲ. ಆಗ ಟೆಲಿಕಾಂ ಕಂಪನಿಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಟ್ರಾಯ್‌ನ 2006ರ ಬ್ರಾಡ್‌ಬ್ಯಾಂಡ್ ನಿಯಮ ಜಾರಿಯಲ್ಲಿತ್ತು. ನೂರರಲ್ಲಿ 90ಕ್ಕೂ ಹೆಚ್ಚು ದೂರುಗಳು ಮುಂದಿನ ಕೆಲಸದ ದಿನದೊಳಗೆ ಸರಿಯಾಗಬೇಕು ಅನ್ನುತ್ತಿತ್ತು ಅದು. ಕಾಗದದ ಮೇಲೆ ಕಂಪನಿ ಇದರಲ್ಲಿ ಪಾಸ್.

ನಾನು ರಿಪೋರ್ಟ್ ಬಿಟ್ಟು ಲೈನ್‌ಮನ್‌ಗಳ ಹತ್ತಿರ ಹೋದೆ. ಎಂಟು ಜನ ಇದ್ದರು. ಒಬ್ಬೊಬ್ಬರ ಹತ್ತಿರವೂ ತಮ್ಮದೇ ಪಟ್ಟಿ, ಕೆಲವರದ್ದು ಸಣ್ಣ ಡೈರಿಯಲ್ಲಿ, ಕೆಲವರದ್ದು ವಾಟ್ಸಾಪಿನಲ್ಲಿ. "ಇನ್ನೂ ಕೆಲಸ ಮುಗಿಯದ ಮನೆಗಳು ಎಷ್ಟುಂಟು?" ಅಂತ ಕೇಳಿದೆ. ಎಲ್ಲರದ್ದು ಕೂಡಿಸಿದರೆ 120. ದಿನಕ್ಕೆ ಹೊಸದಾಗಿ ದೂರು ಕೊಡುವ ಮನೆಗಳು ಸುಮಾರು 30. ಸಾಲಿನಲ್ಲಿ ಇರುವವರನ್ನು ದಿನಕ್ಕೆ ಬರುವವರಿಂದ ಭಾಗಿಸಿದರೆ ಸರಾಸರಿ ಎಷ್ಟು ದಿನ ಕಾಯಬೇಕು ಅಂತ ಗೊತ್ತಾಗುತ್ತದೆ. 1961ರಲ್ಲಿ ಅಮೆರಿಕದ ವಿದ್ವಾಂಸ ಜಾನ್ ಲಿಟಲ್ ಇದನ್ನು ಗಣಿತದಲ್ಲಿ ಸಾಧಿಸಿ ತೋರಿಸಿದರು. 120ನ್ನು 30ರಿಂದ ಭಾಗಿಸಿ: ನಾಲ್ಕು ದಿನ. ರಿಪೋರ್ಟ್ ಒಂದು ದಿನವೂ ಇಲ್ಲ ಅನ್ನುತ್ತಿತ್ತು. ಉಳಿದ ಮೂರು ದಿನ ಎಲ್ಲಿ ಹೋಯಿತು?

ಉತ್ತರ ಹಿರಿಯಡ್ಕದ ದಾರಿಯಲ್ಲಿ ಸಿಕ್ಕಿತು. ಹಿರಿಯ ಲೈನ್‌ಮನ್ ಒಬ್ಬರ ಬೈಕಿನ ಹಿಂದೆ ರೈನ್‌ಕೋಟ್ ಹಾಕಿಕೊಂಡು ಒಂದು ವಾರ ಸುತ್ತಿದೆ. ಈ ಕೆಲಸದಲ್ಲಿ ನಾನು ಮಾಡಿದ ಅತ್ಯಂತ ಉಪಯೋಗದ ವಾರ ಅದೇ. ಪ್ರತಿ ದೂರಿಗೂ ಕಂಪ್ಯೂಟರಿನಲ್ಲಿ ಒಂದು ನಂಬರ್, ಅದಕ್ಕೆ ಟಿಕೆಟ್ ಅನ್ನುತ್ತಾರೆ. ಸಂಜೆಯೊಳಗೆ ಮುಗಿಯದ ಟಿಕೆಟ್‌ಗೆ "ಗ್ರಾಹಕರು ಮನೆಯಲ್ಲಿ ಇಲ್ಲ" ಅಂತ ಬರೆದು ಮುಚ್ಚುತ್ತಿದ್ದರು. ಮರುದಿನ ಗ್ರಾಹಕರು ಮತ್ತೆ ಫೋನ್ ಮಾಡಿದರೆ ಹೊಸ ನಂಬರ್. ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

"ಹೀಗ್ಯಾಕೆ ಅಣ್ಣ?" ಅಂತ ಕೇಳಿದೆ.

"ಎಂತ ಮಾಡುವುದು ಸರ್, ಟಿಕೆಟ್ ಮುಚ್ಚಿದರೆ ಮಾತ್ರ ನಮಗೆ ಇನ್ಸೆಂಟಿವ್ ಉಂಟು. ಮಳೆಯಲ್ಲಿ ದಿನಕ್ಕೆ ಎಷ್ಟು ಮನೆಗೆ ಹೋಗ್ಲಿಕ್ಕಾಗ್ತದೆ, ನೀವೇ ಹೇಳಿ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಕಂಪನಿ ಏನನ್ನು ಅಳೆದು ದುಡ್ಡು ಕೊಡುತ್ತಿತ್ತೋ ಅದನ್ನೇ ಅವರು ಮಾಡಿ ಕೊಡುತ್ತಿದ್ದರು.

ಇದಕ್ಕಿಂತ ದೊಡ್ಡ ವಿಷಯ ಪರ್ಕಳದ ಹತ್ತಿರ ಒಂದು ಜಾಯಿಂಟ್ ಬಾಕ್ಸಿನಲ್ಲಿತ್ತು. ರಸ್ತೆ ಅಗೆತದಿಂದ ಅಲ್ಲಿನ ಕೇಬಲ್ ಹಲವು ಸಲ ತುಂಡಾಗಿತ್ತು. ಪ್ರತಿ ಸಲವೂ ಅವಸರದಲ್ಲಿ ಜೋಡಿಸಿದ್ದರು. ಫೈಬರ್ ತುದಿಗಳನ್ನು ಕರಗಿಸಿ ಸೇರಿಸುವ ಫ್ಯೂಷನ್ ಮೆಷಿನ್‌ನಲ್ಲಿ ಸರಿಯಾಗಿ ಬೆಸೆದರೆ ಒಂದು ಜಾಯಿಂಟಿಗೆ 0.1 ಡಿಬಿ (ಡೆಸಿಬೆಲ್, ಬೆಳಕಿನ ನಷ್ಟ ಅಳೆಯುವ ಲೆಕ್ಕ) ಕೂಡ ನಷ್ಟ ಆಗುವುದಿಲ್ಲ. ಆದರೆ ಬ್ರಾಂಚಿಗೆ ಇದ್ದದ್ದು ಒಂದೇ ಮೆಷಿನ್. ಅದಕ್ಕೆ ನೀರು ತಾಗಬಾರದು ಅಂತ ಮಳೆಗೆ ಹೊರಗೆ ಕಳಿಸುತ್ತಿರಲಿಲ್ಲ. ಹಾಗಾಗಿ ಕೈಯಲ್ಲೇ ಕ್ಲಿಪ್ ಒತ್ತಿ ಕೂರಿಸುವ ಮೆಕ್ಯಾನಿಕಲ್ ಜಾಯಿಂಟ್. ಅದರಲ್ಲಿ ನಷ್ಟ ಜಾಸ್ತಿ, ಕೊಳೆ ಮತ್ತು ತೇವ ಸೇರಿದರೆ ಇನ್ನೂ ಜಾಸ್ತಿ.

ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಫೈಬರ್ 32 ಮನೆಗಳಿಗೆ ಹಂಚಿ ಹೋಗುತ್ತದೆ. ಹಾಗೆ ಬೆಳಕನ್ನು ಹಂಚುವ ಸ್ಪ್ಲಿಟರ್ ಒಂದೇ ಸುಮಾರು 17 ಡಿಬಿ ತಿನ್ನುತ್ತದೆ. ದೂರ, ಜಾಯಿಂಟು, ಕನೆಕ್ಟರ್ ಎಲ್ಲ ಕಳೆದು ಮನೆಯಲ್ಲಿ ಬೆಳಕು ಅಳೆಯುವ ಪವರ್ ಮೀಟರ್ ಇಟ್ಟರೆ ಮೈನಸ್ 20ರ ಆಸುಪಾಸು ಬರಬೇಕು. ಲೈನ್‌ಮನ್‌ಗಳು ಮೈನಸ್ ಬಿಟ್ಟು "20 ಬರ್ತಾ ಉಂಟು" ಅನ್ನುತ್ತಾರೆ. ಸಂಖ್ಯೆ ಏರಿದಷ್ಟೂ ಬೆಳಕು ಕಡಿಮೆ ಅಂತ ಅರ್ಥ. 3 ಡಿಬಿ ಹೋದರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. 27 ದಾಟಿದರೆ ಮನೆಯ ಬಾಕ್ಸಿಗೆ ಬೆಳಕು ಸಾಕಾಗದೆ ಕೆಂಪು ದೀಪ ಮಿನುಗುತ್ತದೆ. ಆದರೆ 26ರಲ್ಲೂ ಹಸಿರು ದೀಪ ಉರಿಯುತ್ತದಲ್ವಾ? ಹಸಿರು ಬಂತು, ಟಿಕೆಟ್ ಮುಚ್ಚಿತು, ಲೈನ್‌ಮನ್ ಹೊರಟರು. ರಾತ್ರಿ ಒಂದು ಮಳೆ ಬಿದ್ದರೆ ಮತ್ತೆ ಕೆಂಪು. ಆ ಬಾಕ್ಸಿನಿಂದ ಹೋಗುವ ಮನೆಗಳಲ್ಲಿ ಹೆಚ್ಚಿನವು 25, 26ರಲ್ಲಿ ನೇತಾಡುತ್ತಿದ್ದವು. ಆನ್‌ಲೈನ್ ಕ್ಲಾಸಿನ ಮಕ್ಕಳಿದ್ದ ಮನೆ, ಬೆಂಗಳೂರಿನ ಕೆಲಸವನ್ನು ಊರಲ್ಲೇ ಕೂತು ಮಾಡುವವರ ಮನೆ. ಒಂದು ಮನೆಯಲ್ಲಿ ವಯಸ್ಸಾದ ಅಮ್ಮ ನನ್ನ ಕೈಗೆ ಚಾ ಕೊಟ್ಟು, "ಈ ಸಲ ಆದರೂ ಸರಿಯಾಗ್ತದಾ ಮಗಾ?" ಅಂತ ಕೇಳಿದರು. ಮಗನ ಜೊತೆ ವಿಡಿಯೋದಲ್ಲಿ ಮಾತಾಡಿ ಹತ್ತು ದಿನವಾಗಿತ್ತು ಅವರಿಗೆ.

ಆಮೇಲೆ ಎರಡು ನಿಯಮ ಬರೆದೆ. 24ಕ್ಕಿಂತ ಕೆಟ್ಟ ರೀಡಿಂಗ್ ಇದ್ದರೆ ಟಿಕೆಟ್ ಮುಚ್ಚುವಂತಿಲ್ಲ. 30 ದಿನದೊಳಗೆ ಅದೇ ಮನೆಯಿಂದ ಮತ್ತೆ ದೂರು ಬಂದರೆ ಹೊಸ ನಂಬರ್ ಇಲ್ಲ, ಹಳೆಯದೇ ತೆರೆಯಬೇಕು, ಇನ್ಸೆಂಟಿವ್ ಕೂಡ ಆ 30 ದಿನ ಕಳೆದ ಮೇಲೆ. ಜೊತೆಗೆ ಇನ್ನೊಂದು ಫ್ಯೂಷನ್ ಮೆಷಿನ್, ಕಂಬದ ಬುಡದಲ್ಲಿ ಕಟ್ಟಲು ಸಣ್ಣ ಟೆಂಟ್. ಲೈನ್‌ಮನ್‌ಗಳನ್ನು ಮಲ್ಪೆಯಿಂದ ಹಿರಿಯಡ್ಕಕ್ಕೆ, ಅಲ್ಲಿಂದ ಮತ್ತೆ ಸಂತೆಕಟ್ಟೆಗೆ ಓಡಿಸುವುದನ್ನೂ ನಿಲ್ಲಿಸಿ ಒಬ್ಬೊಬ್ಬರಿಗೆ ಊರು ಹಂಚಿದೆವು.

ಒಂದು ಕಡೆ ನಾನು ಎಡವಿದೆ. ರೀಡಿಂಗ್‌ನ ಫೋಟೋ ಕಳಿಸಿ ಅಂತ ಹೇಳಿದ್ದೆ. ಮಳೆಯಲ್ಲಿ ಒಂದು ಕೈಯಲ್ಲಿ ಮೀಟರ್, ಒಂದು ಕೈಯಲ್ಲಿ ಫೋನ್ ಹಿಡಿಯುವ ಕಷ್ಟ ನಾನು ಯೋಚಿಸಿರಲಿಲ್ಲ. ಎರಡೇ ವಾರದಲ್ಲಿ ಹಳೆಯ ಫೋಟೋಗಳೇ ಮತ್ತೆ ಬರತೊಡಗಿದವು. ಆಗ ನೆಟ್‌ವರ್ಕ್ ನೋಡಿಕೊಳ್ಳುವ ಹುಡುಗಿಯೊಬ್ಬಳು, "ಸರ್, ಮನೆ ಬಾಕ್ಸಿನ ರೀಡಿಂಗ್ ನಮಗೆ ಇಲ್ಲಿಂದಲೇ ಕಾಣ್ತದೆ" ಅಂದಳು. ನಿಜ, ಎಲ್ಲ ಮನೆಗಳ ಫೈಬರ್ ಬಂದು ಸೇರುವ ಎಕ್ಸ್‌ಚೇಂಜಿನ ಯಂತ್ರ, ಅಂದರೆ ಓಎಲ್‌ಟಿ, ಅದನ್ನು ಓದಿ ತೋರಿಸುತ್ತದೆ. ಯಾರೂ ನೋಡುತ್ತಿರಲಿಲ್ಲ, ಅಷ್ಟೇ. ಅವತ್ತೇ ಫೋಟೋ ನಿಲ್ಲಿಸಿದೆವು.

ಮೊದಲ ತಿಂಗಳ ರಿಪೋರ್ಟ್ ನೋಡಿ ಮಂಗಳೂರಿನಿಂದ ಫೋನ್ ಬಂತು. ಸರಾಸರಿ ಸಮಯ ಒಂದು ದಿನದಿಂದ ನಾಲ್ಕು ದಿನಕ್ಕೆ ಏರಿತ್ತು. "ನೀವು ಬಂದ ಮೇಲೆ ಹಾಳಾಯಿತು" ಅಂದರು. ಮೊದಲಿನಿಂದಲೂ ನಾಲ್ಕೇ ಇತ್ತು, ಈಗ ಕಾಣುತ್ತಿದೆ ಅಂತ ಲಿಟಲ್‌ರ ಲೆಕ್ಕ ಇಟ್ಟು ವಿವರಿಸಿದೆ. ಒಪ್ಪಿಸಲು ಮೂರು ಮೀಟಿಂಗ್ ಬೇಕಾಯಿತು. ಸಂಖ್ಯೆ ಏರಲಿದೆ ಅಂತ ಮೊದಲೇ ಹೇಳಿಡಬೇಕಿತ್ತು. ಈಗ ಬೇರೆ ಕಡೆ ಕೆಲಸ ಹಿಡಿದರೆ ಮೊದಲ ದಿನವೇ ಹೇಳುತ್ತೇನೆ.

ದೀಪಾವಳಿ ಹೊತ್ತಿಗೆ ಲೈನ್‌ಮನ್‌ಗಳ ಪಟ್ಟಿಗಳು ಒಂದೊಂದೇ ಪುಟಕ್ಕೆ ಇಳಿದಿದ್ದವು.

ನನಗೆ ತುಂಬಾ ಇಷ್ಟವಾದ ಕೆಲಸ ನಡೆದದ್ದು 2023ರ ಮೇ ತಿಂಗಳಲ್ಲಿ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹಂಚು ಸರಿ ಮಾಡಿಸಿ, ಸೌದೆ ಒಳಗೆ ಹಾಕುತ್ತಾರಲ್ಲ, ಹಾಗೆ. 24 ದಾಟಿದ ಎಲ್ಲ ಮನೆಗಳ ಪಟ್ಟಿಯನ್ನು ಓಎಲ್‌ಟಿಯಿಂದ ತೆಗೆದೆವು. ದೂರು ಬರುವ ಮೊದಲೇ ಬಾಕ್ಸ್ ಬಿಚ್ಚಿ, ಮೆಕ್ಯಾನಿಕಲ್ ಜಾಯಿಂಟ್ ತೆಗೆದು ಬೆಸೆದು, ಹೊಸ ಸೀಲ್ ಹಾಕಿದೆವು. ಪರ್ಕಳದ ಆ ಬಾಕ್ಸಿನ ಮನೆಗಳೆಲ್ಲ 21, 22ಕ್ಕೆ ಬಂದವು. ಹೆಬ್ರಿ ಕಡೆ ಮಾತ್ರ ಮುಗಿಯಲಿಲ್ಲ. ಅಲ್ಲಿ ಕೇಬಲ್ ಮರದಿಂದ ಮರಕ್ಕೆ ಎಳೆದಿದ್ದಾರೆ. ಅದಕ್ಕೆ ಜಾಯಿಂಟ್ ಅಲ್ಲ, ಕಂಬ ಬೇಕು.