ನಿಮಿಷಕ್ಕೆ ಒಂದು ರೂಪಾಯಿ: ಹೊಲಿಗೆಯವರಿಗಾಗಿ ಆ್ಯಪ್ ಮಾಡಿದ ನನ್ನ ಅನುಭವ

ಶಿರಸಿಯಿಂದ ಹುಲೇಕಲ್ ಕಡೆಗೆ ಹೋಗುವಾಗ ಸಿಗುವ ಒಂದು ಮನೆಯ ಜಗಲಿಯಲ್ಲಿ, ಹನ್ನೊಂದು ಮಂದಿ ಹೆಂಗಸರ ಕೈಗೆ ನಮ್ಮ ಆ್ಯಪಿನ ಮೊದಲ ಆವೃತ್ತಿ ಕೊಟ್ಟೆ. ಬೆಂಗಳೂರಿನಲ್ಲಿ ಆರು ವರ್ಷ ಆ್ಯಪ್ ಡಿಸೈನ್ ಮಾಡಿ ಊರಿಗೆ ಮರಳಿದ ವರ್ಷ ಅದು. ಸ್ವಂತ ಬುಟಿಕ್ ತೆರೆಯಬೇಕು, ಹೊಲಿದು ಮಾರಬೇಕು ಎಂಬ ಆಸೆಯಿದ್ದವರಿಗೆ ಮೊಬೈಲಿನಲ್ಲೇ ವ್ಯವಹಾರ ಕಲಿಸುವುದು ನಮ್ಮ ಉದ್ದೇಶ. ಮೊದಲ ಪಾಠ ಬಣ್ಣಗಳ ಹೊಂದಾಣಿಕೆ, ಎರಡನೆಯದು ಫ್ಯಾಶನ್ನಿನ ಇತಿಹಾಸ, ಬೆಲೆ ಇಡುವುದು ಏಳನೆಯದು. ಏಳರ ತನಕ ಒಬ್ಬರೂ ಬರಲಿಲ್ಲ. ಎರಡನೇ ಪಾಠದ ವಿಡಿಯೊ ನೆಟ್‌ವರ್ಕ್ ಇಲ್ಲದೆ ಸುತ್ತುತ್ತಾ ನಿಂತಿತು. ಎಲ್ಲರೂ ಮರ್ಯಾದೆಗೆ ಚಹಾ ಮುಗಿಯುವ ತನಕ ಕೂತರು.

ಹೊರಡುವಾಗ ಆ ಮನೆಯ ಅಕ್ಕ ಹೊಲಿದಿಟ್ಟಿದ್ದ ಬ್ಲೌಸ್ ಒಂದನ್ನು ತೋರಿಸಿದರು. ಪ್ರಿನ್ಸೆಸ್ ಕಟ್, ಪೂರ್ತಿ ಅಸ್ತರು, ಕುತ್ತಿಗೆಗೆ ಸಪೂರ ಪೈಪಿಂಗ್. ಒಳಗಡೆ ಹೊರಳಿಸಿ ನೋಡಿದರೂ ಒಂದು ನೂಲು ಎದ್ದಿರಲಿಲ್ಲ. ಇಂಥವರಿಗೆ ನಾನು ಬಣ್ಣದ ಪಾಠ ಹೇಳಲು ಬಂದಿದ್ದೆನಲ್ಲ ಎನಿಸಿತು. ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದೆ. “350. ಎಲ್ಲರೂ ಅಷ್ಟೇ ಕೊಡ್ತ” ಅಂದರು.

ಅಲ್ಲೇ ಕೂತು ಇಬ್ಬರೂ ಲೆಕ್ಕ ಹಾಕಿದೆವು. ಅಸ್ತರು, ದಾರ, ಹುಕ್ಕು, ಪೈಪಿಂಗ್, ಕರೆಂಟು ಎಲ್ಲ ಸೇರಿ 100 ರೂಪಾಯಿ. ಅಳತೆ ತೆಗೆದು ಮಾತಾಡುವುದಕ್ಕೆ 20 ನಿಮಿಷ, ಕತ್ತರಿಸಲು 35, ಮಿಷನ್ ಮೇಲೆ 130, ಹುಕ್ಕು ಮತ್ತು ಕೈಹೊಲಿಗೆಗೆ 40, ಆಮೇಲೆ ಬಂದು ಬಿಗಿಯಾಯ್ತು ಅಂದಾಗ ಬಿಚ್ಚಿ ಸರಿಮಾಡಲು 25. ಒಟ್ಟು 250 ನಿಮಿಷ. ಕೈಗೆ ಉಳಿದದ್ದು 250 ರೂಪಾಯಿ. ನಿಮಿಷಕ್ಕೆ ಒಂದು ರೂಪಾಯಿ. ಅದರಲ್ಲೂ ಮಿಷನ್ ಸವೆಯುವ ಪಾಲನ್ನು ನಾವಿನ್ನೂ ಕಳೆದಿರಲಿಲ್ಲ. ಅಕ್ಕ ಆ ಚೀಟಿಯನ್ನೇ ಸುಮಾರು ಹೊತ್ತು ನೋಡಿದರು. “ಅಡಿಕೆ ಸುಲಿಯಲೆ ಹೋದ್ರೂ ಇದಕ್ಕಿಂತ ಹೆಚ್ಚು ಸಿಗ್ತು ತಂಗಿ” ಅಂದರು.

ಆ ಚೀಟಿಯೇ ನಮ್ಮ ಆ್ಯಪ್ ಆಯಿತು. ಮೊದಲಿನದರಲ್ಲಿ ಮುಕ್ಕಾಲು ಪಾಲು ತೆಗೆದುಹಾಕಿದೆವು. ಈಗ ತೆರೆದೊಡನೆ ಕಾಣುವುದು ‘ಕೂಲಿ ಲೆಕ್ಕ’. ಪಾಠಗಳೆಲ್ಲ ಅದರ ಸುತ್ತ ಇವೆ. ಹೊಲಿಗೆ ಬಲ್ಲವರಿಗೆ ಉದ್ಯಮ ಕಲಿಸುವುದೆಂದರೆ ಮೊದಲು ಅವರ ಸಮಯಕ್ಕೆ ಬೆಲೆ ಇದೆ ಎಂದು ಅವರ ಕಣ್ಣಿಗೇ ಕಾಣಿಸಬೇಕು. ಉಳಿದದ್ದನ್ನು ಅವರೇ ಹುಡುಕಿಕೊಂಡು ಬರುತ್ತಾರೆ ಎಂದು ನಾನು ಖಂಡಿತ ನಂಬುತ್ತೇನೆ.

ಈ ಒಂದು ಪರದೆಯನ್ನು ನಾಲ್ಕು ಸಲ ಬದಲಿಸಿದೆವು. ಮೊದಲು ಅದು “ನೀವು 500 ತೆಗೆದುಕೊಳ್ಳಬೇಕು” ಎಂದು ಹೇಳುತ್ತಿತ್ತು. ಪಕ್ಕದ ಮನೆಯವರ ಹತ್ತಿರ ಹಾಗೆ ಕೇಳಲಿಕ್ಕಾಗುತ್ತದಾ ಎಂದು ಹೆಂಗಸರು ಬೇಸರಪಟ್ಟರು. ಅವರ ಮಾತು ಸರಿ. ಈಗ ಆ್ಯಪ್ ಬೆಲೆ ಹೇಳುವುದಿಲ್ಲ. ಅವರೇ ಬೆರಳಿನಿಂದ ಬೆಲೆ ಏರಿಸಿ ಇಳಿಸಿದಂತೆ ನಿಮಿಷಕ್ಕೆ ಎಷ್ಟು ಬಿತ್ತು ಎಂಬುದು ಮಾತ್ರ ಬದಲಾಗುತ್ತದೆ. ಜೊತೆಗೆ ಗಿರಾಕಿಯ ಹತ್ತಿರ ಹೇಗೆ ಹೇಳುವುದು ಎಂಬ ಸಣ್ಣ ಧ್ವನಿ ಪಾಠ ಸೇರಿಸಿದೆವು: “ಅಕ್ಕ, ಅಸ್ತರು ಹಾಕಿದ್ರೆ ಇಷ್ಟು, ಹಾಕದೇ ಇದ್ರೆ ಇಷ್ಟು, ಯಾವುದು ಮಾಡ್ಲಿ?” ಎರಡು ಬೆಲೆ ಎದುರಿಗಿಟ್ಟರೆ ಚೌಕಾಸಿ ಅರ್ಧಕ್ಕರ್ಧ ಕಮ್ಮಿ ಎಂದು ಕುಮಟಾದ ಒಬ್ಬ ಟೇಲರಕ್ಕ ಹೇಳಿಕೊಟ್ಟದ್ದು ಇದು. ಪಾಠಕ್ಕೆ ಧ್ವನಿಯೂ ಅವರದೇ.

ಭಾಷೆಯ ವಿಚಾರದಲ್ಲಿ ಬಹಳ ಕಲಿತೆ. ಬಟ್ಟೆ ಮೈಗೆ ಕೂರುವಂತೆ ಹಿಡಿದು ಹೊಲಿಯುವ ‘ಡಾರ್ಟ್’ ಅನ್ನು ‘ಮಡಿಕೆ’ ಎಂದು ಬರೆದಿದ್ದೆ, ಒಬ್ಬರಿಗೂ ಹೊಳೆಯಲಿಲ್ಲ. ಅವರು ಅನ್ನುವುದು ಟಕ್ಸ್. ‘ಲಾಭಾಂಶ’ ಹೋಗಿ ‘ಕೈಗೆ ಉಳಿದದ್ದು’ ಬಂತು, ‘ಸವಕಳಿ’ ಹೋಗಿ ‘ಮಿಷನ್ ಪಾಲು’ ಬಂತು. ಕನ್ನಡ ಅಂಕಿ ಹಾಕಬೇಕೆಂದು ನನಗೆ ಮನಸ್ಸಿತ್ತು. ಆದರೆ ಅವರ ಕೊರಳಲ್ಲಿ ನೇತಾಡುವ ಟೇಪಿನಲ್ಲಿ ಇರುವುದು 1, 2, 3. ಟೇಪಿನಂತೆಯೇ ಇಟ್ಟೆವು. ಅಳತೆ ಬರೆಯುವಲ್ಲಿ ಇನ್ನೊಂದು ತೊಡಕು. ಕೀಲಿಮಣೆಯಲ್ಲಿ 13.75 ಎಂದು ಒತ್ತಬೇಕಿತ್ತು. ಅವರ ಬಾಯಲ್ಲಿ ಅದು ಹದಿಮೂರು ಮುಕ್ಕಾಲು. ಕಾಲು, ಅರ್ಧ, ಮುಕ್ಕಾಲು ಎಂದು ಮೂರು ದೊಡ್ಡ ಗುಂಡಿ ಇಟ್ಟ ಮೇಲೆ ಆ್ಯಪಿನ ಅಳತೆ ಪುಸ್ತಕ ಬಳಸತೊಡಗಿದರು.

ಅಕ್ಷರ ಕೂರಿಸುವುದೂ ಒಂದು ಕೆಲಸ. ಇಂಗ್ಲಿಷಿಗೆ ಸಾಕಾಗುವ ಸಾಲಿನ ಎತ್ತರ ಕನ್ನಡದ ಒತ್ತಕ್ಷರಕ್ಕೆ ಸಾಲದು. ಒಂದು ಅಗ್ಗದ ಫೋನಿನಲ್ಲಿ ‘ಒಟ್ಟು ಮೊತ್ತ’ ಎಂಬುದರ ಒತ್ತುಗಳು ಕತ್ತರಿಸಿಹೋಗಿ ‘ಒಟು ಮೊತ’ ಆಗಿತ್ತು. ಸಾಲಿನ ಎತ್ತರವನ್ನು ಅಕ್ಷರದ ಗಾತ್ರದ 1.3 ಪಟ್ಟಿನಿಂದ 1.7ಕ್ಕೆ ಏರಿಸಿದೆವು, ಗುಂಡಿಗಳನ್ನು ಅಗಲ ಮಾಡಿದೆವು.

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ದೇವಿಮನೆ ಘಟ್ಟದ ಆಸುಪಾಸಿನ ಹಳ್ಳಿಗಳಲ್ಲಂತೂ ಗುಡ್ಡದ ಮೇಲೊಂದು ಜಾಗ ಹುಡುಕಿ ಫೋನ್ ಮಾಡಬೇಕು. ಹಾಗಾಗಿ ಎಲ್ಲವೂ ಫೋನಿನೊಳಗೇ ಇರುವಂತೆ ಫ್ಲಟರ್ ಎಂಬ ಆ್ಯಪ್ ಕಟ್ಟುವ ಸಾಧನದಲ್ಲಿ ಬರೆದು, ಲೆಕ್ಕವನ್ನು ಎಸ್‌ಕ್ಯೂಲೈಟ್ ಎಂಬ ಸಣ್ಣ ದತ್ತಸಂಚಯದಲ್ಲಿ ಇಟ್ಟೆವು. ವಿಡಿಯೊ ಬಿಟ್ಟು ಧ್ವನಿಗೆ ಹೋದೆವು. ಧ್ವನಿಯ ಫೈಲನ್ನು ಚಿಕ್ಕದು ಮಾಡುವ ಓಪಸ್ ಮಾದರಿಯಲ್ಲಿ ಸೆಕೆಂಡಿಗೆ 24 ಕಿಲೋಬಿಟ್‌ಗೆ ಇಳಿಸಿದರೆ ಐದು ನಿಮಿಷದ ಪಾಠ ಸುಮಾರು 900 ಕೆಬಿ. ಮಿಷನ್ ತುಳಿಯುವಾಗ ಕೈ ಕಣ್ಣು ಎರಡೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ವಿಡಿಯೊ ಉಳಿದದ್ದು ಒಂದೇ ಪಾಠಕ್ಕೆ, ಫೋಟೊ ತೆಗೆಯುವುದಕ್ಕೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಮೆರೂನ್ ರೇಷ್ಮೆ ಕಂದಾಗಿ ಕಾಣುತ್ತದೆ. ಅದೇ ಬ್ಲೌಸನ್ನು ಬೆಳಿಗ್ಗೆ ಹತ್ತಕ್ಕೆ ಜಗಲಿಯ ಅಂಚಿನಲ್ಲಿ ಹ್ಯಾಂಗರಿಗೆ ತೂಗಿ, ಬೆಳಕು ಪಕ್ಕದಿಂದ ಬೀಳುವ ಹಾಗೆ ತೆಗೆದರೆ ಜರಿ ಎದ್ದು ಕಾಣುತ್ತದೆ. ಹೆಚ್ಚಿನವರ ಅಂಗಡಿ ವಾಟ್ಸ್‌ಆ್ಯಪ್ ಸ್ಟೇಟಸ್ಸೇ ಆದ್ದರಿಂದ ಈ ಪಾಠಕ್ಕೆ ಅಷ್ಟು ಎಂಬಿ ಕೊಟ್ಟದ್ದು ನಷ್ಟವಲ್ಲ.

ಫೋನಿನೊಳಗೇ ಎಲ್ಲ ಇಟ್ಟದ್ದರಿಂದ ಒಂದು ದೊಡ್ಡ ತಪ್ಪೂ ಆಯಿತು. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಅದಕ್ಕೆ ಮುಂಚಿನ ತಿಂಗಳು ಹೊಲಿಗೆಯವರಿಗೆ ನಿದ್ದೆಯಿಲ್ಲ. ಆ ಹೊತ್ತಿನಲ್ಲೇ ಒಬ್ಬರ ಮಗ ಫೋನನ್ನು ರೀಸೆಟ್ ಮಾಡಿದ. ನಲವತ್ತು ಗಿರಾಕಿಗಳ ಅಳತೆ ಹೋಯಿತು. ಅವರು ನನಗೆ ಬೈಯಲಿಲ್ಲ, ಮನೆಮನೆಗೆ ಹೋಗಿ ಅಳತೆ ಬ್ಲೌಸ್ ಕೇಳಿ ತಂದರು. ಆ ಎರಡು ದಿನ ನಾನೂ ಸ್ಕೂಟರಿನಲ್ಲಿ ಅವರ ಜೊತೆ ತಿರುಗಿದೆ. ಅವರು ಹತ್ತು ವರ್ಷ ಬಳಸಿದ ರಟ್ಟಿನ ಪುಸ್ತಕವನ್ನು ನನ್ನ ಮಾತು ನಂಬಿ ಬದಿಗಿಟ್ಟಿದ್ದರು, ಅದು ಇವತ್ತಿಗೂ ಮನಸ್ಸಿನಲ್ಲಿದೆ. ಈಗ ಪ್ರತಿ ಭಾನುವಾರ ಅಳತೆಗಳೆಲ್ಲ ಒಂದು ಪಿಡಿಎಫ್ ಆಗಿ, ಮನೆಯ ಇನ್ನೊಂದು ಫೋನಿಗೆ ಕಳಿಸಿ ಎಂದು ಆ್ಯಪ್ ನೆನಪಿಸುತ್ತದೆ. ಪುಸ್ತಕವನ್ನೂ ಇಟ್ಟುಕೊಳ್ಳಿ ಎಂದು ಮೊದಲ ಪಾಠದಲ್ಲೇ ಹೇಳುತ್ತೇವೆ.

ಕಾಗದಪತ್ರದ ಪಾಠ ಚಿಕ್ಕದು. ಸಣ್ಣ ಉದ್ದಿಮೆಗಳ ‘ಉದ್ಯಮ್’ ನೋಂದಣಿಗೆ ಸರ್ಕಾರ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ, ಕೈಕಸುಬಿನವರಿಗಾಗಿ 2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆಯೂ ಇದೆ, ಇಷ್ಟು. ಸಿದ್ಧ ಉಡುಪಿಗೆ 1,000 ರೂಪಾಯಿವರೆಗೆ ಶೇ. 5 ಜಿಎಸ್‌ಟಿ ಎಂದು ಧ್ವನಿಯಲ್ಲಿ ಹೇಳಿಸಿದ್ದೆವು. 2025ರ ಸೆಪ್ಟೆಂಬರ್ 22ರಿಂದ ಆ ಮಿತಿ 2,500 ಆಯಿತು, ಪಾಠ ತಪ್ಪಾಯಿತು. ಅಂದಿನಿಂದ ಬದಲಾಗುವ ಅಂಕಿ ಯಾವುದನ್ನೂ ಧ್ವನಿಯಲ್ಲಿ ಹೇಳಿಸುವುದಿಲ್ಲ, ಪರದೆಯ ಮೇಲಷ್ಟೇ ಬರೆಯುತ್ತೇವೆ.

ಈಗ ಕಾರವಾರ, ಅಂಕೋಲಾ ಕಡೆಯವರಿಗಾಗಿ ಕೊಂಕಣಿ ಧ್ವನಿ ತುಂಬುತ್ತಿದ್ದೇವೆ. ಅಲ್ಲಿ ವರ್ಷದ ಲೆಕ್ಕವೇ ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಮೀನುಗಾರರ ಮನೆಗಳಲ್ಲಿ ಹೊಸ ಬಟ್ಟೆಯ ಮಾತು ಆಗ ಕಮ್ಮಿ. ಘಟ್ಟದ ಮೇಲೆ ಅಡಿಕೆ ಮಾರಿದ ಮೇಲೆ ಕೈಯಲ್ಲಿ ದುಡ್ಡು. ಮುಂಗಡ ಯಾವಾಗ ಕೇಳಬೇಕು, ಅಸ್ತರು ಯಾವಾಗ ಒಟ್ಟಿಗೆ ತಂದಿಡಬೇಕು ಎಂಬ ಪಾಠವನ್ನು ಹಾಗಾಗಿ ಎರಡು ಮಾಡಿದ್ದೇವೆ. ಹುಲೇಕಲ್ ರಸ್ತೆಯ ಅಕ್ಕ ಅಸ್ತರಿನ ಬ್ಲೌಸಿಗೆ ಈಗ 450 ತೆಗೆದುಕೊಳ್ಳುತ್ತಾರೆ. ಹೋದ ವಾರ ಫೋನ್ ಮಾಡಿ, ಕೂಲಿ ಲೆಕ್ಕದಲ್ಲಿ ಸೀರೆ ಕುಚ್ಚಿಗೆ ಬೇರೆ ಸಾಲು ಬೇಕು ಎಂದರು. ಅದನ್ನೇ ಬರೆಯುತ್ತಿದ್ದೇನೆ.