ವಿದೇಶಿ ಬೆಳೆ ಅಂದಾಜು: ಕೋಷ್ಟಕವನ್ನು ತಳದಿಂದ ಮೇಲಕ್ಕೆ ಓದಿ

ದಾಖಲೆ ಬೆಳೆ ಎಂಬ ತಲೆಬರಹ ನೋಡಿಯೇ ಸರಕಿನ ಲೆಕ್ಕ ಹಾಕುವವರು ಬಹಳ. ಬೆಲೆ ಹೆಚ್ಚಾಗಿ ಕುಣಿಯುವುದು ಕೋಷ್ಟಕದ ತಳದಲ್ಲಿ ಕೂತಿರುವ ಅಂತಿಮ ದಾಸ್ತಾನಿನ, ಅಂದರೆ ವರ್ಷದ ಕೊನೆಗೆ ಉಳಿಯುವ ಸರಕಿನ ತಾಳಕ್ಕೆ. ಓದು ಅಲ್ಲಿಂದಲೇ ಶುರುವಾಗಲಿ.

ಮೊದಲು ಯಾವ ವರದಿ ಎಂದು ನೋಡಿಕೊಳ್ಳಿ. ಅಮೆರಿಕದ ಕೃಷಿ ಇಲಾಖೆ (ಯುಎಸ್‌ಡಿಎ) ಪ್ರತಿ ತಿಂಗಳು ವಾಸ್ಡೆ ಎಂಬ ಜಾಗತಿಕ ಪೂರೈಕೆ-ಬೇಡಿಕೆ ಅಂದಾಜು ಹೊರಡಿಸುತ್ತದೆ. ಅಲ್ಲಿನ ಮಧ್ಯಾಹ್ನ 12ಕ್ಕೆ ಬರುವ ಇದು ನಮಗೆ ರಾತ್ರಿ 9.30ಕ್ಕೆ, ಅವರ ಚಳಿಗಾಲದ ಗಡಿಯಾರದಲ್ಲಿ 10.30ಕ್ಕೆ ಸಿಗುತ್ತದೆ. ಹೊಸ ಹಂಗಾಮಿನ ಮೊದಲ ಪೂರ್ಣ ಅಂದಾಜು ಬರುವುದು ಮೇ ತಿಂಗಳಲ್ಲಿ. ಇದಲ್ಲದೆ ಬೇರೆ ಬೇರೆ ದೇಶಗಳಲ್ಲಿ ಕೂತ ಅಧಿಕಾರಿಗಳು ಬರೆಯುವ ಗೇನ್ ವರದಿಗಳಿವೆ. ಅವುಗಳ ಕೋಷ್ಟಕದಲ್ಲಿ ಪ್ರತಿ ವರ್ಷಕ್ಕೂ ಎರಡು ಅಂಕಣ: ‘ಯುಎಸ್‌ಡಿಎ ಅಫಿಷಿಯಲ್’ ಮತ್ತು ‘ನ್ಯೂ ಪೋಸ್ಟ್’. ಎರಡನೆಯದು ಆ ದೇಶದಲ್ಲಿರುವ ಅಧಿಕಾರಿಯ ಅಂದಾಜು. ಇಲಾಖೆಯ ಅಧಿಕೃತ ಅಂಕಿ ಅದಲ್ಲ. ಎರಡರ ನಡುವೆ ಅಂತರ ದೊಡ್ಡದಿದ್ದರೆ ವರದಿಯ ಪಠ್ಯದಲ್ಲಿ ಕಾರಣ ಹುಡುಕಿ. ಓದಲು ಯೋಗ್ಯವಾದದ್ದು ಬಹುಪಾಲು ಅಲ್ಲೇ ಇರುತ್ತದೆ.

ಇನ್ನು ಲೆಕ್ಕ. ಆರಂಭಿಕ ದಾಸ್ತಾನು 20, ಉತ್ಪಾದನೆ 100, ಆಮದು 5 ಎಂದಿಟ್ಟುಕೊಳ್ಳಿ; ಒಟ್ಟು ಪೂರೈಕೆ 125. ದೇಶದೊಳಗಿನ ಬಳಕೆ 90, ರಫ್ತು 20 ಕಳೆದರೆ ಉಳಿಯುವುದು 15. ಇದನ್ನು ಒಟ್ಟು ಬಳಕೆಯಾದ 110ರಿಂದ ಭಾಗಿಸಿದರೆ ದಾಸ್ತಾನು-ಬಳಕೆ ಅನುಪಾತ ಶೇ 13.6. ಈಗ ಮಳೆ ಕೈಕೊಟ್ಟು ಬೆಳೆ ಶೇ 3ರಷ್ಟು ಮಾತ್ರ ಕುಸಿಯಿತು ಎನ್ನಿ. ಬಳಕೆ ಬದಲಾಗದಿದ್ದರೆ ಉಳಿಯುವುದು 12, ಅನುಪಾತ ಶೇ 10.9. ಬೆಳೆಯಲ್ಲಿ ಶೇ 3ರ ಇಳಿಕೆ, ದಾಸ್ತಾನಿನಲ್ಲಿ ಶೇ 20ರ ಇಳಿಕೆ! ಬೆಲೆ ಬೆಚ್ಚಿಬೀಳುವುದು ಇದಕ್ಕೇ.

ಜಾಗತಿಕ ದಾಸ್ತಾನನ್ನು ಮಾತ್ರ ಹಾಗೆಯೇ ನಂಬಬೇಡಿ. ಮೆಕ್ಕೆಜೋಳದ ಜಾಗತಿಕ ದಾಸ್ತಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಚೀನಾದಲ್ಲಿದೆ, ಅದು ಹೊರಗಿನ ಮಾರುಕಟ್ಟೆಗೆ ಬರುವುದು ಅಪರೂಪ. ಚೀನಾ ಬಿಟ್ಟು ಒಮ್ಮೆ, ಪ್ರಮುಖ ರಫ್ತು ದೇಶಗಳದ್ದಷ್ಟೇ ಕೂಡಿ ಇನ್ನೊಮ್ಮೆ ಅನುಪಾತ ತೆಗೆಯಿರಿ.

ಹೆಚ್ಚು ಜನ ಎಡವುವುದು ಮಾರುಕಟ್ಟೆ ವರ್ಷದ ಲೆಕ್ಕದಲ್ಲಿ; ಈ ಹನ್ನೆರಡು ತಿಂಗಳ ಅವಧಿ ಬೆಳೆಗೆ, ದೇಶಕ್ಕೆ ಬೇರೆಯಾಗಿರುತ್ತದೆ. ‘2024/25’ ಎಂದರೆ ಅಮೆರಿಕದ ಮೆಕ್ಕೆಜೋಳಕ್ಕೆ 2024ರ ಸೆಪ್ಟೆಂಬರ್‌ನಿಂದ 2025ರ ಆಗಸ್ಟ್. ಬ್ರೆಜಿಲ್‌ನದ್ದಕ್ಕೆ 2025ರ ಮಾರ್ಚ್‌ನಿಂದ 2026ರ ಫೆಬ್ರುವರಿ. ಅಮೆರಿಕದ ಗೋಧಿ ವರ್ಷ ಜೂನ್‌ನಲ್ಲೇ ಆರಂಭ. ಅಡಿಟಿಪ್ಪಣಿ ಓದದೆ ಎರಡು ದೇಶಗಳ ರಫ್ತನ್ನು ತಿಂಗಳಿಗೆ ತಿಂಗಳು ಹೋಲಿಸಿದರೆ ಲೆಕ್ಕ ದಿಕ್ಕು ತಪ್ಪುತ್ತದೆ.

ಅಳತೆಯೂ ಹಾಗೆಯೇ. ಬುಷೆಲ್ ಎಂದರೆ ಮೆಕ್ಕೆಜೋಳಕ್ಕೆ 25.4 ಕಿಲೋ, ಗೋಧಿ ಮತ್ತು ಸೋಯಾಬೀನ್‌ಗೆ 27.2 ಕಿಲೋ. ಅಮೆರಿಕದ ಹತ್ತಿ ಬೇಲ್ ಸುಮಾರು 218 ಕಿಲೋ, ಭಾರತದ್ದು 170. ಅಕ್ಕಿಯಾದರೆ ಭತ್ತದ ಲೆಕ್ಕವೋ ಅಕ್ಕಿಯ ಲೆಕ್ಕವೋ, ಸಕ್ಕರೆಯಾದರೆ ಕಚ್ಚಾ ಸಕ್ಕರೆಯ ಲೆಕ್ಕದ ತೂಕವೋ ಬಿಳಿ ಸಕ್ಕರೆಯದೋ ಎಂದು ಖಾತ್ರಿಪಡಿಸಿಕೊಳ್ಳಿ. ಒಂದು ಮಿಲಿಯನ್ ಟನ್ ಎಂದರೆ 10 ಲಕ್ಷ ಟನ್. ಇಲ್ಲೂ ಸೊನ್ನೆ ಜಾರುವುದುಂಟು.

ಅಂಕಿ ಬಂದ ಮೇಲೆ ಅದನ್ನು ಕಳೆದ ತಿಂಗಳಿನದರ ಜೊತೆಗಷ್ಟೇ ಅಲ್ಲ, ವರದಿಗೆ ಮುಂಚೆ ಸುದ್ದಿಸಂಸ್ಥೆಗಳು ಪ್ರಕಟಿಸುವ ವಿಶ್ಲೇಷಕರ ಸರಾಸರಿ ಊಹೆಯ ಜೊತೆಗೂ ಇಟ್ಟು ನೋಡಿ. ಎಲ್ಲರೂ ಊಹಿಸಿದ್ದಷ್ಟೇ ಇಳಿಕೆಯಾದರೆ ಬೆಲೆ ಅಲುಗದೇ ಇರಬಹುದು.

ಕೊನೆಗೆ ಸರ್ಕಾರದ ನೀತಿ. ಅಂದಾಜು ನಿಂತಿರುವುದು ಆ ಹೊತ್ತಿಗೆ ಜಾರಿಯಲ್ಲಿರುವ ನಿಯಮಗಳ ಮೇಲೆ. 2022ರ ಮೇ 12ರಂದು ವಾಸ್ಡೆ ಬಂತು. ಮಾರನೇ ದಿನವೇ ಭಾರತ ಗೋಧಿ ರಫ್ತು ನಿಷೇಧಿಸಿತು. ವರದಿಯಲ್ಲಿದ್ದ ಭಾರತದ ರಫ್ತಿನ ಸಾಲು ಒಂದೇ ದಿನಕ್ಕೆ ಹಳತಾಯಿತು. ಹಾಗಾಗಿ ವರದಿಯ ತಾರೀಖನ್ನು ನಿಮ್ಮ ಲೆಕ್ಕದ ಹಾಳೆಯ ಮೇಲ್ತುದಿಯಲ್ಲೇ ಬರೆದಿಡಿ.