ಔಷಧಿ ನಿಲ್ಲಿಸಿದೆ, ಪೈಪು ತೊಳೆದೆ

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ಹೊಸಪೇಟೆಯ ವ್ಯಾಪಾರಿ ನನ್ನ ಮೂವತ್ತು ಟ್ರೇ ಮೊಟ್ಟೆಯನ್ನು ಹಿಂದಕ್ಕೆ ಕಳಿಸಿದರು. ಒಂದನ್ನು ಒಡೆದೆ. ಬಿಳಿ ಭಾಗ ಹಸಿರುಗಟ್ಟಿತ್ತು. ತಪ್ಪು ನನ್ನದೇ. ಹಿಕ್ಕೆ ಹತ್ತಿದ ಮೊಟ್ಟೆಗಳನ್ನು ತೊಟ್ಟಿಯ ತಣ್ಣೀರಿನಲ್ಲಿ ಅದ್ದಿ ತೊಳೆಸುತ್ತಿದ್ದೆ. ಬೆಚ್ಚಗಿನ ಮೊಟ್ಟೆ ತಣ್ಣಗಾಗುವಾಗ ಹೊಲಸನ್ನೂ ಒಳಗೆ ಎಳೆದುಕೊಳ್ಳುತ್ತದೆ. ಈಗ ಒಣ ಬಟ್ಟೆಯಲ್ಲಿ ಒರೆಸುತ್ತೇವೆ, ಅಷ್ಟೇ.

ಕೋಳಿಗಳ ಬೇಧಿಯ ಕಥೆ ಬೇರೆ. ಎನ್ರೋಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಐದು ದಿನ ಕೊಟ್ಟರೆ ನಿಲ್ಲುತ್ತಿತ್ತು, ಎರಡು ವಾರಕ್ಕೆ ಮರಳುತ್ತಿತ್ತು. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಷೇಧಿಸುವವರೆಗೆ ಕೊಲಿಸ್ಟಿನ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಕೂಡ ಆಹಾರಕ್ಕೆ ಬೆರೆಸಿದವನು ನಾನು. ಹನ್ನೆರಡು ಸಾವಿರ ಕೋಳಿಗೆ ತಿಂಗಳ ಔಷಧಿ ಖರ್ಚೇ ಇಪ್ಪತ್ತು ಸಾವಿರ ದಾಟುತ್ತಿತ್ತು. ಕೊನೆಗೆ ಸತ್ತ ಕೋಳಿ ಒಯ್ದು ಪರೀಕ್ಷೆ ಮಾಡಿಸಿದೆ. ಸಿಕ್ಕಿದ್ದು ಇ. ಕೊಲೈ ಎಂಬ ಕರುಳಿನ ಬ್ಯಾಕ್ಟೀರಿಯಾ. ಪ್ರಯೋಗಾಲಯದ ತಟ್ಟೆಯಲ್ಲಿ ನಾನು ನಂಬಿದ್ದ ಎರಡೂ ಔಷಧಿಗಳ ಬಿಲ್ಲೆಯ ಅಂಚಿನವರೆಗೆ ಬ್ಯಾಕ್ಟೀರಿಯಾ ದಟ್ಟವಾಗಿ ಬೆಳೆದಿತ್ತು, ಅಂದರೆ ಔಷಧಿ ಅದಕ್ಕೆ ತಾಗುತ್ತಲೇ ಇರಲಿಲ್ಲ. ಹಣ ಕೊಟ್ಟು ನಾನೇ ಸಾಕಿದ ಕ್ರಿಮಿ!

ಕ್ರಿಮಿ ನೀರಿನಿಂದ ಬರುತ್ತಿರಬಹುದೇ ಎಂದು, ಕೋಳಿಗಳ ಬ್ಯಾಚ್ ಖಾಲಿಯಾದಾಗ ನಿಪ್ಪಲ್ ಪೈಪಿನ (ಕೋಳಿ ಕೊಕ್ಕಿನಿಂದ ತಟ್ಟಿ ನೀರು ಕುಡಿಯುವ ಪೈಪು) ತುದಿ ಕೊಯ್ದು ನೋಡಿದೆ. ಒಳಗೆ ಗಂಜಿಯಂಥ ಲೋಳೆ, ಬೆರಳಿಗೆ ಅಂಟಿತು. ವಿಟಮಿನ್, ಬೆಲ್ಲದ ನೀರು ಬಿಟ್ಟಾಗಲೆಲ್ಲ ಅದಕ್ಕೂ ಊಟ. ಹೈಡ್ರೋಜನ್ ಪೆರಾಕ್ಸೈಡ್ ತುಂಬಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ರಭಸದಿಂದ ಹೊರಹಾಕಿದೆ. ಎಷ್ಟು ಹಾಕಿದೆ ಎಂದು ಬರೆಯುವುದಿಲ್ಲ, ಅಳತೆ ತಪ್ಪಿ ನಾನು ಎರಡು ಪೈಪು ಸಾಲು ಹಾಳುಮಾಡಿಕೊಂಡಿದ್ದೇನೆ.

ಆಮೇಲೆ ಕ್ಲೋರಿನ್. ಮೊದಲು ಏನೂ ಫಲ ಕಾಣಲಿಲ್ಲ, ಏಕೆಂದರೆ ನಮ್ಮ ಬೋರ್ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಎಂಟರ ಮೇಲೆ. ಆಮ್ಲ ಹಾಕಿ ಆರೂವರೆಯ ಆಸುಪಾಸಿಗೆ ಇಳಿಸಿದ ಮೇಲೆಯೇ ಅದು ಕೆಲಸ ಮಾಡಿತು. ಆಮ್ಲ, ಕ್ಲೋರಿನ್ ಎರಡನ್ನೂ ಒಂದೇ ಬಕೆಟ್‌ನಲ್ಲಿ ಕಲಸಬೇಡಿ, ವಿಷಗಾಳಿ ಏಳುತ್ತದೆ. ನನ್ನ ಕೆಲಸದ ಹುಡುಗ ಆ ದಿನವೆಲ್ಲ ಕೆಮ್ಮಿದ. ಕ್ಲೋರಿನ್ ಅಳತೆಯನ್ನು ಟ್ಯಾಂಕಿನಲ್ಲಿ ಅಲ್ಲ, ಕೊನೆಯ ನಿಪ್ಪಲ್‌ನಲ್ಲಿ ನೋಡಿ.

ನಡುವೆ ಐನೂರು ಕೋಳಿಗೆ ಬೆಳ್ಳುಳ್ಳಿ, ಅರಿಶಿನವನ್ನೂ ಅರೆದು ಹಾಕಿದೆ. ಬೇಧಿ ತಗ್ಗಿದಂತೆ ಕಂಡಿತು. ಬೆಳ್ಳುಳ್ಳಿ ಕಿಲೋಗೆ ಮುನ್ನೂರು ದಾಟಿದ ದಿನ ನಿಲ್ಲಿಸಿದೆ. ಮಾರುಕಟ್ಟೆ ಸುತ್ತಿ ಹೊಲಸು ಹೊತ್ತು ಬರುವ ಕಾಗದದ ಟ್ರೇಗಳನ್ನು ಬಿಟ್ಟು ತೊಳೆಯಬಹುದಾದ ಪ್ಲಾಸ್ಟಿಕ್ ಟ್ರೇ ಕೊಂಡದ್ದಕ್ಕೆ ನಲವತ್ತು ಸಾವಿರ ಹೋಯಿತು, ಅದಕ್ಕೆ ಬೇಸರವಿಲ್ಲ.

"ಔಷಧಿಯಿಲ್ಲದೆ ಮೂರು ತಿಂಗಳು ತಾಳುವುದಿಲ್ಲ" ಎಂದಿದ್ದರು ಗಂಗಾವತಿಯ ಗೆಳೆಯರು. ಹದಿನಾಲ್ಕು ತಿಂಗಳಾಯಿತು. ಒಮ್ಮೆ ಮಾತ್ರ, ಪರೀಕ್ಷೆ ಮಾಡಿಸಿ, ಪಶುವೈದ್ಯರ ಚೀಟಿಯಂತೆ ಒಂದು ಶೆಡ್ಡಿಗೆ ಔಷಧಿ ಕೊಟ್ಟೆ. ವೈದ್ಯರು ಹೇಳಿದಷ್ಟು ದಿನ ಆ ಮೊಟ್ಟೆಗಳನ್ನು ಮಾರದೆ ಗುಂಡಿಗೆ ಹಾಕಿಸಿದೆ, ಹೊಟ್ಟೆ ಉರಿಯಿತು. ಕಾಲುವೆ ನಿಂತ ಮೇಲೆ ಬೋರ್ ನೀರು ಬದಲಾಗುತ್ತದೆ, ಏಪ್ರಿಲ್‌ನಲ್ಲಿ ಆಮ್ಲದ ಲೆಕ್ಕ ಮತ್ತೆ ಹಾಕಬೇಕು.